ಮರಳುದಿಬ್ಬದಲ್ಲಿ ಸುಣ್ಣದ ಹರಳು ಓದಿದ್ದು

ಡೀಡ್‌ವಾನಾ ಹತ್ತಿರ ಆದಿಮಾನವರ ಕುರುಹು ಹುಡುಕಲು ಹೋದ ಮೊದಲ ವಾರ ನಾನು ಬರೆದುಕೊಂಡ ಲೆಕ್ಕವನ್ನೆಲ್ಲ ಪಕ್ಕಕ್ಕಿಡಬೇಕಾಯಿತು. ರಾಜಸ್ಥಾನದ ಥಾರ್ ಮರುಭೂಮಿಯ ಪೂರ್ವದ ಅಂಚು ಅದು. ದಿಬ್ಬಗಳ ನಡುವಿನ ತಗ್ಗಿನಲ್ಲಿ ಅವರು ಕೆತ್ತಿದ ಬೆಣಚುಕಲ್ಲಿನ ಚಕ್ಕೆಗಳು ಕಾಲಿಗೆ ಸಿಗುವ ಹಾಗೆ ಬಿದ್ದಿದ್ದವು. ಅಂಗೈ ಅಗಲದವು, ಉಗುರಿನಷ್ಟು ಸಣ್ಣವು, ಎಲ್ಲ ಒಂದೇ ಕಡೆ. ಒಂದೇ ಗುಂಪಿನ ಜನ ಇಲ್ಲಿ ಬೀಡು ಬಿಟ್ಟಿದ್ದರು ಅಂತ ಬರೆದುಕೊಂಡೆ. ತಂಡದ ಹಿರಿಯರು ಆ ತಗ್ಗಿಗೆ ಒಂದು ಸುತ್ತು ಹಾಕಿ ಬಂದು ಕೇಳಿದ್ದು ಒಂದೇ ಮಾತು: "ಈ ಕಲ್ಲುಗಳ ಮಧ್ಯೆ ಇದ್ದ ಮರಳು ಎಲ್ಲಿ ಹೋಯ್ತಮ್ಮಾ?"

ಗಾಳಿ ಮರಳನ್ನು ಒಯ್ಯುತ್ತದೆ, ಕಲ್ಲನ್ನು ಬಿಟ್ಟು ಹೋಗುತ್ತದೆ. ಹತ್ತಾರು ಸಾವಿರ ವರ್ಷಗಳ ಅಂತರದಲ್ಲಿ ಬೇರೆ ಬೇರೆ ಪದರಗಳಲ್ಲಿ ಹೂತಿದ್ದ ಕಲ್ಲುಗಳು ಮೆಲ್ಲಗೆ ಕೆಳಗಿಳಿದು ಒಂದೇ ನೆಲದ ಮೇಲೆ ಕೂತುಬಿಡುತ್ತವೆ. ನಾನು ಒಂದು ಬೀಡು ಅಂದುಕೊಂಡದ್ದು ಎಷ್ಟೋ ಕಾಲದ ಜನರದ್ದು. ಮರುಭೂಮಿಯಲ್ಲಿ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಮೇಲೆ ಬಿದ್ದ ಕಲ್ಲಿನಿಂದ ಜಾಗ ಗೊತ್ತಾಗುತ್ತದೆ, ಕಾಲ ಗೊತ್ತಾಗುವುದಿಲ್ಲ.

ಕಾಲ ಬೇಕೆಂದರೆ ದಿಬ್ಬದ ಒಳಗೆ ಇಳಿಯಬೇಕು. ಡೀಡ್‌ವಾನಾದಲ್ಲೇ 16ಆರ್ ಅನ್ನುವ ದಿಬ್ಬವಿದೆ. 1980ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿ. ಎನ್. ಮಿಶ್ರಾ, ಎಸ್. ಎನ್. ರಾಜಗುರು ಮತ್ತು ಸಂಗಡಿಗರು ಅಲ್ಲಿ 18 ಮೀಟರಿನಷ್ಟು ಆಳದವರೆಗೆ ಪದರಗಳನ್ನು ಅಧ್ಯಯನ ಮಾಡಿದರು. ತಳದ ಮರಳು ಸುಮಾರು 2 ಲಕ್ಷ ವರ್ಷ ಹಳೆಯದು. ಅದೂ ಒಂದೇ ಮರಳಲ್ಲ. ಮರಳು, ಅದರ ಮೇಲೆ ಬಿಳಿ ಸುಣ್ಣದ ಹರಳಿನ ಪಟ್ಟಿ, ಮತ್ತೆ ಮರಳು, ಮತ್ತೆ ಪಟ್ಟಿ. ಕಲ್ಲಿನ ಆಯುಧಗಳು ಇವುಗಳ ನಡುವೆ ಬೇರೆ ಬೇರೆ ಮಟ್ಟದಲ್ಲಿ ಸಿಕ್ಕಿವೆ.

ಆ ಪಟ್ಟಿಯನ್ನು ಓದಲು ಕಲಿತದ್ದೇ ನನ್ನ ಮಟ್ಟಿಗೆ ದೊಡ್ಡ ಪಾಠ. ಕರಣೆಯಿಂದ ಗುಂಡಿಯ ಗೋಡೆಯನ್ನು ನೇರವಾಗಿ ಕೆರೆದು, ಮೇಲೆ ಸಣ್ಣಗೆ ನೀರು ಸಿಂಪಡಿಸಿದರೆ ಒಂದೆರಡು ನಿಮಿಷ ಬಣ್ಣಗಳು ಎದ್ದು ಬರುತ್ತವೆ. ಒಣಗುವಷ್ಟರಲ್ಲಿ ಉಗುರಿನಿಂದ ಗೆರೆ ಎಳೆದುಬಿಡಬೇಕು. ಹರಳು ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ, ಕೆಲವು ಕಡಲೆಕಾಳಿನಷ್ಟು, ಕೆಲವು ಬೇರಿನ ಹಾಗೆ ಉದ್ದುದ್ದ, ಯಾಕೆಂದರೆ ಅಲ್ಲಿ ನಿಜವಾಗಿಯೂ ಬೇರು ಇತ್ತು, ಅದರ ಸುತ್ತ ಸುಣ್ಣ ಕಟ್ಟಿಕೊಂಡಿದೆ. ಮಳೆ ನೀರು ಸುಣ್ಣವನ್ನು ಕರಗಿಸಿ ಕೆಳಗೆ ಒಯ್ದು ಅಲ್ಲಿ ಬಿಟ್ಟು ಆರಿದರೆ ಇಂಥ ಹರಳು ಆಗುತ್ತದೆ. ಅಂದರೆ ಆಗ ಸ್ವಲ್ಪ ಮಳೆ ಇತ್ತು, ಹುಲ್ಲು ಇತ್ತು, ದಿಬ್ಬ ಅಲುಗಾಡದೆ ಬಹಳ ಕಾಲ ನಿಂತಿತ್ತು. ಜನ ಇದ್ದರೇ ಅಂತ ಹುಡುಕುವ ಮೊದಲು ನಾನು ಈಗ ಇದನ್ನೇ ಹುಡುಕುತ್ತೇನೆ.

ನನಗೆ ಜಾಸ್ತಿ ಆಶ್ಚರ್ಯವಾದದ್ದು ಇನ್ನೊಂದು. ಮರಳುದಿಬ್ಬ ಅಂದರೆ ಬರಗಾಲ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಥಾರ್‌ನಲ್ಲಿ ಮರಳನ್ನು ಹೊತ್ತು ತರುವುದು ಮುಂಗಾರಿನ ನೈರುತ್ಯ ಗಾಳಿ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಮುಂಗಾರು ಸೊರಗಿತ್ತು, ಗಾಳಿಯೂ ಸೊರಗಿತ್ತು. ದಿಬ್ಬಗಳು ಜೋರಾಗಿ ಬೆಳೆದದ್ದು ಆಮೇಲೆ, ಮುಂಗಾರು ಮರಳಿ ಬಲಗೊಳ್ಳುತ್ತಿದ್ದಾಗ. ಹಾಗಾಗಿ ಮರಳು ಕಂಡ ಕೂಡಲೇ "ಇದು ಒಣ ಕಾಲ" ಅಂತ ಬರೆಯುವುದನ್ನು ನಿಲ್ಲಿಸಿದೆ.

ಕಾಲ ಅಳೆಯುವ ಕೆಲಸ ಬೆಳಕಿನ ಜೊತೆಗಿನ ಜಗಳ. ಮರಳಿನ ಕಣ ಬಿಸಿಲು ಕಂಡರೆ ಅದರೊಳಗೆ ಕೂಡಿದ್ದ ವಿಕಿರಣದ ಲೆಕ್ಕ ಸೊನ್ನೆಯಾಗುತ್ತದೆ, ಹೂತ ದಿನದಿಂದ ಸುತ್ತಲ ಮಣ್ಣಿನ ವಿಕಿರಣದಿಂದ ಆ ಲೆಕ್ಕ ಮತ್ತೆ ತುಂಬುತ್ತಾ ಹೋಗುತ್ತದೆ. ಎಷ್ಟು ತುಂಬಿದೆ ಅಂತ ಅಳೆದರೆ ಹೂತು ಎಷ್ಟು ಕಾಲವಾಯಿತು ಅಂತ ಗೊತ್ತಾಗುತ್ತದೆ. ಥಾರ್‌ನ ಮರಳಿಗೆ ಈ ಬಗೆಯ ವಿಧಾನವನ್ನು 1982ರಷ್ಟು ಹಿಂದೆಯೇ ಅಶೋಕ್ ಸಿಂಘ್ವಿ ಮತ್ತು ಸಂಗಡಿಗರು ಬಳಸಿದ್ದರು. ನಾವು ಕಬ್ಬಿಣದ ಕೊಳವೆಯನ್ನು ಗೋಡೆಗೆ ಬಡಿದು ಸೇರಿಸಿ, ಹೊರಗೆ ಎಳೆಯುವಾಗ ಕಪ್ಪು ಬಟ್ಟೆ ಮುಚ್ಚಿ, ಎರಡೂ ತುದಿಗೆ ಕಪ್ಪು ಟೇಪು ಸುತ್ತುತ್ತೇವೆ. ಕೊಳವೆ ತುಂಬ ಮರಳು ಬಿಗಿಯಾಗಿ ಕೂತಿರಬೇಕು. ಒಮ್ಮೆ ನಾನು ಅರ್ಧ ತುಂಬಿದ ಕೊಳವೆಗೆ ಟೇಪು ಸುತ್ತಿಬಿಟ್ಟೆ, ಜೀಪಿನ ಕುಲುಕಾಟಕ್ಕೆ ತುದಿಯ ಬೆಳಕು ಕಂಡ ಕಣಗಳು ಒಳಗಿನವುಗಳ ಜೊತೆ ಕಲೆತುಹೋದವು. ಒಂದು ಇಡೀ ಪದರದ ಕೆಲಸ ಹಾಳಾಯಿತು. ಈಗಲೂ ನೆನೆದರೆ ಬೇಜಾರಾಗುತ್ತದೆ.

ನಾಗೌರ್ ಕಡೆಯ ಕಾಟೋತಿಯಲ್ಲಿ ಇದೇ ದಾರಿಯಲ್ಲಿ ನಡೆದ ಕೆಲಸ ನನಗೆ ಮಾದರಿ. ಜೇಮ್ಸ್ ಬ್ಲಿಂಕ್‌ಹಾರ್ನ್, ಹೇಮಾ ಅಚ್ಯುತನ್ ಮತ್ತಿತರರು 2013ರಲ್ಲಿ ಪ್ರಕಟಿಸಿದಂತೆ, ಅಲ್ಲಿ ಮಧ್ಯ ಹಳೆಶಿಲಾಯುಗದ, ಅಂದರೆ ಕಲ್ಲಿನ ಚಕ್ಕೆಗಳಿಂದ ಆಯುಧ ಮಾಡುತ್ತಿದ್ದ ಕಾಲದ ಜನ ಸುಮಾರು 96,000 ವರ್ಷಗಳ ಹಿಂದೆಯೇ ಇದ್ದರು. ಆಸ್ಟ್ರಿಚ್ ಮೊಟ್ಟೆಯ ಚಿಪ್ಪಿನ ಚೂರುಗಳೂ ಸಿಕ್ಕಿವೆ. ಬಯಲು ಹುಲ್ಲುಗಾವಲಿನಲ್ಲಿ ಓಡುವ ಹಕ್ಕಿ ಅದು. ಈಗ ಅಲ್ಲಿ ನಿಂತು ನೋಡಿದರೆ ಅದನ್ನು ಊಹಿಸಿಕೊಳ್ಳಲು ಕಣ್ಣು ಮುಚ್ಚಬೇಕು.

ನಾನು ಸುರಪುರದ ಕಡೆಯವಳು. ನಮ್ಮ ಹುಣಸಗಿ ಕಣಿವೆಯಲ್ಲಿ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯ ಅವರು ವರ್ಷಗಟ್ಟಲೆ ಅಲೆದು ಒಂದು ಚಿತ್ರ ಕೊಟ್ಟರು: ಬೇಸಿಗೆಯಲ್ಲಿ ಆದಿಮಾನವರು ಎಂದೂ ಬತ್ತದ ನೀರಿನ ಬುಗ್ಗೆಗಳ ಸುತ್ತ ಒಟ್ಟಾಗುತ್ತಿದ್ದರು, ಮಳೆಗಾಲದಲ್ಲಿ ಸಣ್ಣ ಸಣ್ಣ ಗುಂಪಾಗಿ ಕಣಿವೆಯ ತುಂಬ ಚದುರುತ್ತಿದ್ದರು. ಥಾರ್‌ಗೆ ಹೋಗುವಾಗ ನಾನು ತಲೆಯಲ್ಲಿ ಹೊತ್ತೊಯ್ದದ್ದು ಅದನ್ನೇ. ಒಣ ಸೀಮೆಯಲ್ಲಿ ಬದುಕುವ ಜಾಣತನ ಕಲ್ಲು ಕೆತ್ತುವುದರಲ್ಲಿ ಎಷ್ಟಿತ್ತೋ, ಯಾವಾಗ ಬರಬೇಕು ಯಾವಾಗ ಹೊರಡಬೇಕು ಅನ್ನುವುದರಲ್ಲೂ ಅಷ್ಟೇ ಇತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಬರೀ ನೀರು, ಊಟ ಅಂತ ಲೆಕ್ಕ ಹಾಕಿದರೂ ಸಾಲದು. ಡೀಡ್‌ವಾನಾ ಪಕ್ಕದ ಸಿಂಗಿ ತಲಾವ್‌ನಲ್ಲಿ ಕೈಗೊಡಲಿಗಳ ಜೊತೆಗೆ 6 ಪುಟ್ಟ ಸ್ಫಟಿಕಗಳು ಸಿಕ್ಕಿವೆ. ಆಯುಧ ಮಾಡಲು ಬಾರದಷ್ಟು ಚಿಕ್ಕವು. ಎಲ್ಲಿಂದಲೋ ಯಾರೋ ಎತ್ತಿ ತಂದಿದ್ದಾರೆ. ಸುಮ್ನೆ, ಚೆನ್ನಾಗಿವೆ ಅಂತ ಇರಬಹುದು.

ಹೋದ ಚಳಿಗಾಲ ಕುರಿ ಕಾಯುವ ಒಬ್ಬ ಅಜ್ಜ ನಮ್ಮ ಗುಂಡಿಯ ಅಂಚಿಗೆ ಬಂದು ಕೂತರು. "ಬೇಟಿ, ಇಲ್ಲಿ ಯಾಕೆ ಅಗೀತೀಯ? ನೀರು ನಿಲ್ಲೋದು ಆ ಧೋರಾ ಹಿಂದೆ" ಅಂದರು. ಅಲ್ಲಿ ದಿಬ್ಬವನ್ನು ಧೋರಾ ಅಂತಲೇ ಕರೆಯುತ್ತಾರೆ. ಮಾರನೇ ದಿನ ಅವರ ಜೊತೆಗೇ ಹೋದೆ. ದಿಬ್ಬದ ಹಿಂದೆ ಮಳೆ ನೀರು ಕೊರೆದ ಒಂದು ಹಳ್ಳ, ಅದರ ದಂಡೆಯಲ್ಲಿ ಕಂದು ಮಣ್ಣು, ಮೇಲೆ ಎರಡು ಗೇಣು ದಪ್ಪದ ಸುಣ್ಣದ ಹರಳು. ಕೆರೆದು ನೀರು ಸಿಂಪಡಿಸಿದೆ. ಹರಳಿನ ಕೆಳಗೆ, ಕಂದು ಮಣ್ಣಿನಲ್ಲಿ, ಒಂದು ಚಕ್ಕೆಯ ಅಂಚು ಕಾಣಿಸಿತು. ಇದು ಎಲ್ಲಿಂದಲೂ ಇಳಿದು ಬಂದದ್ದಲ್ಲ. ಅದನ್ನು ಮುಟ್ಟಲಿಲ್ಲ. ಫೋಟೋ ತೆಗೆದು, ಮಟ್ಟ ಬರೆದುಕೊಂಡು, ಮಣ್ಣು ಮುಚ್ಚಿ ಬಂದೆ. ಹೊಸ ಜಾಗಕ್ಕೆ ಅನುಮತಿಯ ಅರ್ಜಿ ಹಾಕಿದ್ದೇವೆ, ಕೊಳವೆಗಳನ್ನು ಈ ಸಲ ನಾನೇ ತುಂಬುತ್ತೇನೆ.