ಅಮ್ಮನ ಲ್ಯಾಪ್‌ಟಾಪಿಗೆ ಕುಂಕುಮ ಬಣ್ಣದ ಥೀಮ್

ಅಮ್ಮನ ಲ್ಯಾಪ್‌ಟಾಪಿನಲ್ಲಿರೋದು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್, ಅದರ ಬಣ್ಣ, ನೋಟ ಎಲ್ಲ ಆರ್ಕ್ ಅನ್ನೋ ಥೀಮಿನದು. ಫೈಲುಗಳ ಪಟ್ಟಿಯಲ್ಲಿ ಆಯ್ಕೆಯಾದ ಸಾಲಿನ ಹೆಸರು ಅಮ್ಮನಿಗೆ ಓದೋಕೇ ಆಗುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿದೆ. ಆ ಸಾಲಿನ ನೀಲಿಯ (ಬಣ್ಣದ ಕೋಡ್ 5294ಇ2) ಮೇಲೆ ಬಿಳಿ ಅಕ್ಷರದ ಕಾಂಟ್ರಾಸ್ಟ್, ಅಂದರೆ ಎರಡರ ಹೊಳಪಿನ ಅನುಪಾತ, ಬರೀ 3.1. ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5 ಆದರೂ ಇರಬೇಕು. ಕಡು ಕುಂಕುಮಕ್ಕೆ (8ಬಿ1ಎ1ಎ) ಅದು 9 ದಾಟುತ್ತದೆ. ಸರಿ, ಥೀಮಿನ ಸೋರ್ಸ್ (ಮೂಲ ಕಡತಗಳು) ಇಳಿಸಿಕೊಂಡು, ಬಣ್ಣ ಬದಲಿಸಿ, ನಾನೇ ಬಿಲ್ಡ್ ಮಾಡೋಕೆ (ಬಳಸೋ ರೂಪಕ್ಕೆ ತರೋಕೆ) ಕೂತೆ.

ಸ್ಯಾಸ್‌ಸಿ (ಥೀಮಿನ ಸ್ಯಾಸ್ ಕಡತವನ್ನು ಸಿಎಸ್‌ಎಸ್, ಅಂದರೆ ನೋಟ ವಿವರಿಸೋ ಕಡತ, ಆಗಿಸೋ ಸಾಧನ) ಸಿಗಲಿಲ್ಲ ಅಂತ, ಬಿಲ್ಡ್ ನಡೆಸೋ ಮೆಸಾನ್ ನಿಂತಿತು, ಹಾಕಿದೆ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ಆಪ್ ಕೇಳಿತು, ಅದನ್ನೂ ಹಾಕಿದೆ. ಸ್ಯಾಸ್ ಕಡತದಲ್ಲಿ ಬಣ್ಣದ ಸಾಲು ತಿದ್ದಿ ಬಿಲ್ಡ್ ಮಾಡಿ ಇನ್‌ಸ್ಟಾಲ್ ಮಾಡಿದೆ. ಒಂದೂ ಎರರ್ ಇಲ್ಲ. ಪರದೆ ಮಾತ್ರ ಅದೇ ನೀಲಿ.

ಲಾಗೌಟ್ ಆಗಿ ಬಂದೆ. ಬಿಲ್ಡ್ ಫೋಲ್ಡರ್ ಅಳಿಸಿ ಮೊದಲಿಂದ ಮಾಡಿದೆ. ಹೀಗೇ ಮೂರು ಸಂಜೆ ಹೋಯಿತು. ಎರರ್ ಬಂದರೆ ಓದಿಯಾದರೂ ನೋಡಬಹುದು, ಏನೂ ಬರದಿದ್ದರೆ ಎಲ್ಲಿಂದ ಹುಡುಕೋದು? ಕೊನೆಗೆ ಬಣ್ಣದ ವಿಚಾರ ಬಿಟ್ಟು, ವಿಂಡೋ ಸುತ್ತ 10 ಪಿಕ್ಸೆಲ್ ದಪ್ಪದ ಹಸಿರು ಅಂಚು ಬರೋ ಹಾಗೆ ಒಂದು ಸಾಲು ಸೇರಿಸಿದೆ. ಇದ್ದರೆ ಕಣ್ಣಿಗೆ ಹೊಡೆಯಲೇಬೇಕು. ಅಂಚೇ ಇಲ್ಲ! ಅಂದರೆ ನಾನು ಬಿಲ್ಡ್ ಮಾಡಿದ್ದನ್ನು ಯಾರೂ ಓದುತ್ತಲೇ ಇಲ್ಲ.

ಪ್ರಿಫಿಕ್ಸ್ (ಎಲ್ಲಿ ಇನ್‌ಸ್ಟಾಲ್ ಆಗಬೇಕು ಅನ್ನೋ ಜಾಗ) ಕೊಡದಿದ್ದರೆ ಮೆಸಾನ್ ಎಲ್ಲವನ್ನೂ ಯುಎಸ್‌ಆರ್ ಲೋಕಲ್ ಅನ್ನೋ ಸಿಸ್ಟಮ್ ಫೋಲ್ಡರಿನ ಅಡಿಗೆ ಹಾಕುತ್ತದೆ. ಆಪ್‌ಗಳ ಬಟನ್, ಪಟ್ಟಿಗಳನ್ನು ಬಿಡಿಸೋ ಜಿಟಿಕೆ 3, ಥೀಮ್ ಹುಡುಕುವಾಗ ಮೊದಲು ನೋಡೋದು ಹೋಮ್ ಫೋಲ್ಡರನ್ನು. ಅಲ್ಲಿ, 'ಡಾಟ್ ಥೀಮ್ಸ್' ಅನ್ನೋ ಅಡಗಿಸಿಟ್ಟ ಫೋಲ್ಡರಿನಲ್ಲಿ, ಯಾವತ್ತೋ ನಾನೇ ಇಟ್ಟಿದ್ದ ಹಳೆಯ ಆರ್ಕ್ ಇತ್ತು, ಅದೇ ಹೆಸರಿನಲ್ಲಿ. ಅದನ್ನು ಬೇರೆಡೆಗೆ ಸರಿಸಿದ ತಕ್ಷಣ ಹಸಿರು ಅಂಚು ಬಂತು. ಆ ಸಾಲು ತೆಗೆದು ಇನ್ನೊಮ್ಮೆ ಬಿಲ್ಡ್ ಮಾಡಿದೆ. ಕುಂಕುಮ ಬಂತು. ಈಗ ನನ್ನ ಥೀಮಿಗೆ ಬೇರೆಯದೇ ಹೆಸರು ಇಟ್ಟಿದ್ದೇನೆ. ಹೊಸದಾಗಿ ಮಾಡುವವರು ಮೊದಲ ಬಿಲ್ಡಿಗೇ ಹೆಸರು ಬದಲಿಸಿಕೊಳ್ಳಿ, ನನ್ನ ಮೂರು ಸಂಜೆ ನಿಮಗೆ ಉಳಿಯುತ್ತವೆ.

ಆದರೆ ಚೆಕ್‌ಬಾಕ್ಸುಗಳು ಇನ್ನೂ ನೀಲಿಯಾಗೇ ಇದ್ದವು. ಇಂಕ್‌ಸ್ಕೇಪ್ ಯಾಕೆ ಬೇಕಿತ್ತು ಅಂತ ಆಗ ಹೊಳೆಯಿತು. ಚೆಕ್‌ಬಾಕ್ಸ್ ಇಲ್ಲಿ ಸಿಎಸ್‌ಎಸ್ ಬಿಡಿಸಿದ್ದಲ್ಲ, ಎಸ್‌ವಿಜಿ (ಪಠ್ಯವಾಗಿ ಬರೆದಿರೋ ಚಿತ್ರ) ಕಡತದಿಂದ ಇಂಕ್‌ಸ್ಕೇಪ್ ತೆಗೆದ ಪುಟ್ಟ ಪಿಎನ್‌ಜಿ ಚಿತ್ರ. ಎಸ್‌ವಿಜಿಯನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು 5294ಇ2 ಇದ್ದಲ್ಲೆಲ್ಲ ಬದಲಿಸಿ ಮತ್ತೆ ಬಿಲ್ಡ್ ಮಾಡಿದೆ.

ಲಿಬ್‌ಅದ್ವೈತ (ಜಿಟಿಕೆ 4ರ ಮೇಲೆ ಕಟ್ಟಿದ, ತನ್ನದೇ ನೋಟ ಇರೋ ಲೈಬ್ರರಿ) ಬಳಸುವ ಒಂದೆರಡು ಆಪ್‌ಗಳು ಹೊರಗಿನ ಥೀಮನ್ನು ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಅವಕ್ಕೆ ಹೋಮ್ ಫೋಲ್ಡರಿನ ಜಿಟಿಕೆ 4 ಸಂರಚನೆಯಲ್ಲಿ ಒಂದು ಸಿಎಸ್‌ಎಸ್ ಕಡತ ಇಟ್ಟು ಆಕ್ಸೆಂಟ್ (ಎದ್ದು ಕಾಣಿಸೋ) ಬಣ್ಣ ಅಷ್ಟನ್ನೇ ಬರೆದೆ. ಅಮ್ಮ ಫೈಲುಗಳ ಪಟ್ಟಿ ತೆರೆದು, ಆಯ್ಕೆಯಾದ ಸಾಲನ್ನು ಕನ್ನಡಕ ಸರಿಮಾಡಿಕೊಳ್ಳದೆ ಓದಿದರು.