ಕಣ್ಣು ತೋರಿಸಲು ಬಂದವರ ತಲೆ ನೋಡಿದ್ದು

ಹಾಸನದಲ್ಲಿ ಕಣ್ಣಿನ ಡಾಕ್ಟರಾಗಿ ಕೂತ ಮೊದಮೊದಲು ನಾನು ರೆಪ್ಪೆಯನ್ನು ಸರಿಯಾಗಿ ನೋಡುತ್ತಲೇ ಇರಲಿಲ್ಲ. ಉರಿ, ತುರಿಕೆ, ಕೆಂಪು ಅಂದರೆ ಸಾಕು, ಡ್ರಾಪ್ಸ್ ಬರೆದು ಕಳಿಸುತ್ತಿದ್ದೆ. ಹೊರಗೆ ಬೆಂಚು ತುಂಬಿರುತ್ತಿತ್ತು.

ಸಕಲೇಶಪುರ ಕಡೆಯ ಕಾಫಿ ತೋಟದ ಹೆಂಗಸೊಬ್ಬರು ಆ ಚಾಳಿ ಬಿಡಿಸಿದರು. ಮೂರನೇ ಸಲ ಬಂದವರು ಮುಖಕ್ಕೇ ಹೇಳಿದರು. "ಡಾಕ್ಟ್ರೇ, ನಿಮ್ಮ ಡ್ರಾಪ್ಸ್ ಹಾಕ್ಕೊಂಡ್ರೆ ಎಂಟು ದಿನ ಚೆನ್ನಾಗಿರುತ್ತೆ, ಬಿಟ್ರೆ ಮತ್ತೆ ಅದೇ ಕಥೆ. ಬೆಳಿಗ್ಗೆ ರೆಪ್ಪೆ ಅಂಟ್ಕೊಂಡಿರುತ್ತೆ, ನೀರು ಹಚ್ಚಿ ಬಿಡಿಸ್ಬೇಕು."

ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಮುಂದೆ ಕೂರಿಸಿ, "ಕೆಳಗೆ ನೋಡಿ ಅಮ್ಮಾ" ಅಂದೆ. ಒಂದೊಂದು ರೆಪ್ಪೆಗೂದಲಿನ ಬುಡಕ್ಕೂ ಬಳೆ ತೊಡಿಸಿದ ಹಾಗೆ ಬಿಳಿ ಹೊಟ್ಟು! ಡೆಮೊಡೆಕ್ಸ್ ಅನ್ನೋ ಬರಿಗಣ್ಣಿಗೆ ಕಾಣದ ಹುಳದ ಗುರುತು ಅದು. ನೇರ ನೋಡುವಾಗ ಮೇಲಿನ ಕೂದಲಿನ ಬುಡ ಸರಿಯಾಗಿ ಕಾಣುವುದಿಲ್ಲ. ಎರಡು ಸಲ ನಾನು ಎಡವಿದ್ದು ಅಲ್ಲೇ. ಸೆರಗು ಸರಿಸಿ ತಲೆ ತೋರಿಸಿ ಅಂದೆ. ನೆತ್ತಿ ತುಂಬ ಹೊಟ್ಟು, ಹುಬ್ಬಿನಲ್ಲೂ ಇತ್ತು. ಕಣ್ಣಿಗೆ ಬಂದರೆ ತಲೆ ಯಾಕೆ ನೋಡ್ತಾರೆ ಅಂತ ಅವರಿಗೆ ಮುಜುಗರ. ತಲೆಹೊಟ್ಟಿಗೂ ರೆಪ್ಪೆಯ ಉರಿಗೂ ನಂಟಿದೆ.

ಈಗ ಬ್ಲೆಫರೈಟಿಸ್, ಅಂದರೆ ರೆಪ್ಪೆಯ ಉರಿಯೂತ, ಅಂತ ಅನುಮಾನ ಬಂದರೆ ಮೊದಲು ಮಾತಾಡಿಸುತ್ತೇನೆ. ತಲೆಹೊಟ್ಟು ಇದೆಯಾ, ರೆಪ್ಪೆಯಲ್ಲಿ ಪದೇ ಪದೇ ಕುರು ಏಳುತ್ತಾ, ಕೆನ್ನೆ ಮೂಗು ಕೆಂಪಾಗುತ್ತಾ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗ್ತಿದ್ದೀರಾ. ಕಾಡಿಗೆಯನ್ನು ರೆಪ್ಪೆಯ ಒಳ ಅಂಚಿಗೆ ಎಳೆಯುವವರೂ ಜಾಸ್ತಿ. ಆ ಅಂಚಿನಲ್ಲೇ ಎಣ್ಣೆ ಗ್ರಂಥಿಗಳ ಬಾಯಿ ಇರುವುದು: ಮೇಲೆ ಸುಮಾರು 30ರಿಂದ 40, ಕೆಳಗೆ 20ರಿಂದ 30. 1666ರಲ್ಲಿ ಇವನ್ನು ವಿವರಿಸಿದ ಜರ್ಮನಿಯ ವೈದ್ಯ ಮೈಬೋಮ್ ಹೆಸರೇ ಇವಕ್ಕೆ ಉಳಿದಿದೆ. ಅಂಚನ್ನು ಮೆಲ್ಲಗೆ ಒತ್ತಿದರೆ ತಿಳಿ ಎಣ್ಣೆ ಒಸರಬೇಕು. ಕೆಟ್ಟಿದ್ದರೆ ಟೂತ್‌ಪೇಸ್ಟಿನಂತೆ ಗಟ್ಟಿಯಾಗಿ ಬರುತ್ತದೆ. "ನೀರು ಸುರೀತಿದೆ, ನೀವು ಕಣ್ಣು ಒಣಗಿದೆ ಅಂತೀರಲ್ಲ" ಎಂದು ಜಗಳಕ್ಕೇ ಬಂದವರಿದ್ದಾರೆ. ಮೇಲೆ ಎಣ್ಣೆಯ ಪದರ ಇಲ್ಲದಿದ್ದರೆ ಕಣ್ಣೀರು ಬೇಗ ಆರುತ್ತದೆ, ಕಣ್ಣು ಉರಿಯುತ್ತದೆ, ಉರಿಗೆ ಮತ್ತೆ ನೀರು ಬರುತ್ತದೆ.

ಔಷಧಿಗಿಂತ ಕಷ್ಟ, ಆ ಗಟ್ಟಿ ಎಣ್ಣೆ ಕರಗಲು ರೆಪ್ಪೆಗೆ ಶಾಖ ಕೊಡಿಸುವುದು. ದಿನಕ್ಕೆರಡು ಸಲ, ಐದರಿಂದ ಹತ್ತು ನಿಮಿಷ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಸವರಿ, ಅಂಚು ಒರೆಸಬೇಕು. ಮಲೆನಾಡಿನ ಮನೆಯಲ್ಲಿ ಹಂಡೆ ನೀರು ಬಿಸಿಯಾಗೇ ಇರುತ್ತದೆ, ಆದರೆ ಅದ್ದಿದ ಬಟ್ಟೆ ಎರಡೇ ನಿಮಿಷಕ್ಕೆ ತಣ್ಣಗಾಗುತ್ತದೆ. ಇದಕ್ಕೆ ದಾರಿ ತೋರಿಸಿದ್ದು ಆಲೂಗಡ್ಡೆ ಬೆಳೆಯುವ ಅಜ್ಜ. ಬೇಯಿಸಿದ ಆಲೂಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಮೊದಲು ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ ಅಂದೆ, ಬೆಂದೀತು ಅಂತ ಭಯ. ಆಮೇಲೆ ಆ ಆಲೂಗಡ್ಡೆ ಏನ್ಮಾಡ್ತೀರಾ ಅಂದರೆ, "ಪಲ್ಯಕ್ಕೆ!"

ತೋಟದ ಆ ಅಮ್ಮನಿಗೆ ತಲೆಗೆ ಶಾಂಪೂ, ರೆಪ್ಪೆಯ ಹುಳಕ್ಕೆ ಟೀ ಟ್ರೀ ಅನ್ನೋ ಮರದ ಎಣ್ಣೆ ಹಾಕಿದ ವೈಪ್ಸ್ ಕೊಟ್ಟೆ. ಬರೀ ಎಣ್ಣೆ ತಂದು ಹಚ್ಚಬೇಡಿ ಅಂತ ಎರಡೆರಡು ಸಲ ಹೇಳಿದೆ. ಪೂರ್ತಿ ಹೋಗಿಲ್ಲ. ಒರೆಸುವುದು ಬಿಟ್ಟರೆ ಮರಳುತ್ತದೆ, ಅದು ಅವರಿಗೂ ಗೊತ್ತು.

ಒಂದು ಬಗೆಯವರಿಗೆ ಮಾತ್ರ ನಾನು ಶಾಖ ಹೇಳಿ ಸುಮ್ನೆ ಕೂರುವುದಿಲ್ಲ. ವಯಸ್ಸಾದವರು, ಒಂದೇ ಕಣ್ಣಿನಲ್ಲಿ, ಅದೇ ಜಾಗದಲ್ಲಿ ಮತ್ತೆ ಮತ್ತೆ ಗಂಟು, ಅಲ್ಲಿ ರೆಪ್ಪೆಗೂದಲು ಉದುರಿದೆ ಅಂದರೆ ನೇರ ಬಯಾಪ್ಸಿ, ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು. ಎಣ್ಣೆ ಗ್ರಂಥಿಯ ಕ್ಯಾನ್ಸರ್ ಕೂಡ ಹೀಗೇ, ಹಳೇ ಕುರುವಿನ ವೇಷದಲ್ಲಿ ಬಂದು ಕೂತಿರುತ್ತದೆ.