ಒಲಿಂಪಿಕ್ ಪಾರ್ಕಿನಲ್ಲಿ ಕ್ಯಾಮೆರಾ: ಕಾಡಿಗೆ ಮೋಡದ ದಿನ, ಕಡಲಿಗೆ ಬಿಸಿಲಿನ ದಿನ

ಬಿಸಿಲು ಬರುತ್ತದೆಂದು ಹವಾಮಾನ ವರದಿ ಹೇಳಿದರೆ ಆ ದಿನ ನಾನು ಕಡಲ ದಂಡೆಗೆ ಹೋಗುತ್ತೇನೆ. ಮೋಡ, ಜಿನುಗು ಮಳೆ ಅಂದರೆ ಕಾಡು, ಜಲಪಾತ. ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ನ್ಯಾಷನಲ್ ಪಾರ್ಕಿನಲ್ಲಿ ಮಿಕ್ಕ ಲೆಕ್ಕಾಚಾರವೆಲ್ಲ ಇದರ ನಂತರ. ಪೆಸಿಫಿಕ್ ಕಡೆಯಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ಬಡಿದು ಪಾರ್ಕಿನ ಹೋ ನದಿಯ ಕಣಿವೆಯಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಮೀಟರ್ ಮಳೆ ಸುರಿಯುತ್ತದೆ. ಆ ಕಾಡು ಚೆನ್ನಾಗಿ ಕಾಣುವುದೂ ಒದ್ದೆಯಾಗಿರುವಾಗಲೇ. ಬಿಸಿಲು ಬಿದ್ದರೆ ಎಲೆಗಳ ನಡುವಿನಿಂದ ಬೆಳಕು ತುಂಡು ತುಂಡಾಗಿ ಇಳಿಯುತ್ತದೆ. ಬಿಸಿಲು ಬಿದ್ದ ಪಾಚಿಗೂ ಪಕ್ಕದ ನೆರಳಿಗೂ ಐದಾರು ಸ್ಟಾಪ್ ಅಂತರ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ಅಷ್ಟನ್ನೂ ಹಿಡಿಯಬಹುದು, ಆದರೆ ಚಿತ್ರ ಮಾತ್ರ ಚಿರತೆಯ ಚರ್ಮದಂತೆ ಕಾಣುತ್ತದೆ.

ಫಿಲ್ಟರ್‌ಗಳಲ್ಲಿ ಒಂದನ್ನೇ ಒಯ್ಯಬಹುದು ಎಂದರೆ ನಾನು ಪೋಲರೈಸರ್ ಒಯ್ಯುತ್ತೇನೆ. ಒದ್ದೆ ಎಲೆ, ಒದ್ದೆ ಬಂಡೆಗಳ ಮೇಲೆ ಆಕಾಶದ ಬಿಳಿ ಬೆಳಕು ಹೊಳಪಾಗಿ ಕೂತಿರುತ್ತದೆ. ಹಸಿರು ಬೂದಿ ಬಡಿದಂತೆ ಕಾಣುವುದು ಅದರಿಂದಲೇ. ಪೋಲರೈಸರ್ ತಿರುಗಿಸಿ ಆ ಹೊಳಪು ತೆಗೆದರೆ ಎಲೆಯ ನಿಜ ಬಣ್ಣ ಹೊರಬರುತ್ತದೆ. ಈ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲು ಬರುವುದಿಲ್ಲ. ಹಾಗಂತ ಪೂರ್ತಿ ತಿರುಗಿಸಿ ಬಿಡಬೇಡಿ. ಬಂಡೆಯ ಹೊಳಪೆಲ್ಲ ಹೋದರೆ ಅದು ಒದ್ದೆ ಎನ್ನುವುದೇ ತಿಳಿಯದೆ ಕಪ್ಪು ಇದ್ದಿಲಿನಂತಾಗುತ್ತದೆ. ಗರಿಷ್ಠಕ್ಕೆ ತಂದು ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬರುವುದು ನನ್ನ ರೂಢಿ.

ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ. ಜಲಪಾತದ ಮುಂದೆ ಅದೇ ಲಾಭ. ಮೋಡದ ದಿನ ಐಎಸ್‌ಒ (ಬೆಳಕಿನ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/11ರಲ್ಲಿ 1/8 ಸೆಕೆಂಡ್ ಬರುತ್ತಿದ್ದರೆ ಪೋಲರೈಸರ್ ಹಾಕಿದ ಮೇಲೆ ಅದು ಅರ್ಧ ಸೆಕೆಂಡಿನ ಹತ್ತಿರ ಬರುತ್ತದೆ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕಾಗುವುದೇ ಇಲ್ಲ. ನನಗೆ ಬೇಕಾದದ್ದು ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್ ಅಷ್ಟೇ. ಅಷ್ಟರಲ್ಲಿ ನೀರಿನ ಎಳೆ ಎಳೆ ಉಳಿಯುತ್ತದೆ. ಹತ್ತು ಸೆಕೆಂಡ್ ತೆರೆದಿಟ್ಟು ನೀರನ್ನು ಹತ್ತಿಯ ಮುದ್ದೆ ಮಾಡುವುದು ಎಷ್ಟೋ ಜನಕ್ಕೆ ಇಷ್ಟ. ನನಗೆ ಅದರಲ್ಲಿ ನೀರೇ ಕಾಣುವುದಿಲ್ಲ.

ಸೋಲ್ ಡಕ್ ಜಲಪಾತಕ್ಕೆ ಹೋಗಿ ಬರಲು ಸುಮಾರು 2.6 ಕಿ.ಮೀ. ನಡಿಗೆ. ನದಿ ಅಲ್ಲಿ ನೀರಿನ ಮಟ್ಟಕ್ಕೆ ತಕ್ಕಂತೆ ಮೂರೋ ನಾಲ್ಕೋ ಕವಲಾಗಿ ಒಡೆದು ಇಕ್ಕಟ್ಟಾದ ಕಲ್ಲಿನ ಕೊರಕಲಿಗೆ ಅಡ್ಡಲಾಗಿ ಬೀಳುತ್ತದೆ. ಎಲ್ಲರೂ ಟ್ರೈಪಾಡ್ ಇಡುವುದು ಮರದ ಸೇತುವೆಯ ಮೇಲೆ, ಎಲ್ಲರ ಚಿತ್ರವೂ ಅಲುಗುವುದು ಅಲ್ಲೇ. ಒಬ್ಬರು ನಡೆದು ಹೋದರೂ ಹಲಗೆ ನಡುಗುತ್ತದೆ. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಗೊತ್ತಾಗುವುದಿಲ್ಲ, ಮನೆಗೆ ಬಂದು ದೊಡ್ಡದು ಮಾಡಿದಾಗ ಬಂಡೆಯ ಅಂಚು ಎರಡೆರಡಾಗಿ ಕಾಣುತ್ತದೆ. ಜನ ದಾಟಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಕೈ ತೆಗೆದು, ನೀವೂ ಅಲುಗದೆ ನಿಲ್ಲಬೇಕು. ಗುಂಪು ದೊಡ್ಡದಿದ್ದರೆ ಕಾಯಬೇಡಿ, ಸೇತುವೆ ಬಿಟ್ಟು ಬೇಲಿಯ ಪಕ್ಕ ಗಟ್ಟಿ ನೆಲ ಹುಡುಕಿ. ಟ್ರೈಪಾಡಿನ ಮೇಲಿರುವಾಗ ಕೈ ನಡುಕ ತಡೆಯುವ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡುವುದು ಒಳ್ಳೆಯದು.

ಎಕ್ಸ್‌ಪೋಷರ್ ನೋಡುವುದು ನೀರಿನ ಬಿಳಿಗೆ, ಕಾಡಿಗಲ್ಲ. ಕತ್ತಲ ಕಾಡು ಫ್ರೇಮಿನ ತುಂಬ ಇದ್ದರೆ ಕ್ಯಾಮೆರಾದ ಬೆಳಕಳೆಯುವ ಮೀಟರ್ ಬೆಳಕು ಹೆಚ್ಚು ಕೊಡುತ್ತದೆ, ನೀರು ಬಿಳಿ ಕಾಗದವಾಗುತ್ತದೆ. 2/3 ಸ್ಟಾಪ್ ಕಡಿಮೆಯಿಂದ ಶುರು ಮಾಡಿ, ಪರದೆಯಲ್ಲಿ ಅತಿ ಬಿಳಿಯಾದ ಜಾಗ (ಹೈಲೈಟ್) ಮಿನುಗುವುದು ನಿಲ್ಲುವವರೆಗೆ ಇಳಿಸುತ್ತೇನೆ. ಮೇರಿಮಿಯರ್ ಜಲಪಾತ ಸುಮಾರು 27 ಮೀಟರ್ ಎತ್ತರದ ಸಣ್ಣ ಧಾರೆ. ಅಲ್ಲಿ ಕ್ಯಾಮೆರಾ ಉದ್ದಕ್ಕೆ ಹಿಡಿದು, ಮೇಲಿನ ಬಿಳಿ ಆಕಾಶದ ತುಣುಕು ಬಾರದಂತೆ ಕತ್ತರಿಸಿದರೆ ಅರ್ಧ ಕೆಲಸ ಮುಗಿಯಿತು.

ಹೋ ಕಾಡಿನ ಹಾಲ್ ಆಫ್ ಮಾಸಸ್ ಸುತ್ತು 1.3 ಕಿ.ಮೀ. ಮಾತ್ರ, ಆದರೆ ನನಗೆ ಮೂರು ಗಂಟೆ ಸಾಲುವುದಿಲ್ಲ. ವೈಡ್ ಲೆನ್ಸ್ ಹಾಕಿದರೆ ಎಲ್ಲವೂ ಬರುತ್ತದೆ, ಯಾವುದೂ ಎದ್ದು ಕಾಣುವುದಿಲ್ಲ. ನಾನು 70–200 ಮಿ.ಮೀ. ಲೆನ್ಸಿನಲ್ಲಿ, ಪಾಚಿ ಜೋತುಬಿದ್ದ ಬಿಗ್‌ಲೀಫ್ ಮೇಪಲ್ ಮರದ ಒಂದೆರಡು ಕೊಂಬೆ, ಹಿಂದೆ ಮಂಜಿನಲ್ಲಿ ಮಸುಕಾದ ಕಾಂಡಗಳು, ಇಷ್ಟನ್ನೇ ಕಟ್ಟುತ್ತೇನೆ. ಇಲ್ಲಿ ಫೋಕಸ್ ತೊಡಕು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ., ಎಫ್/11 ಇಟ್ಟು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 0.9 ಮೀಟರಿನಿಂದ ಅನಂತದವರೆಗೂ ಸಾಕಷ್ಟು ಸ್ಪಷ್ಟ. ಅದೇ 100 ಮಿ.ಮೀ.ಗೆ ಆ ಲೆಕ್ಕ 30 ಮೀಟರಿಗೆ ಹೋಗುತ್ತದೆ. ಹಾಗಾಗಿ ಹತ್ತಿರ, ನಡು, ದೂರ ಎಂದು ಮೂರು ನಾಲ್ಕು ಫ್ರೇಮ್ ತೆಗೆದು ಆಮೇಲೆ ಸೇರಿಸುತ್ತೇನೆ. ಎಫ್/22ಕ್ಕೆ ಹೋಗಿ ತಪ್ಪಿಸಿಕೊಳ್ಳೋಣ ಎಂದರೆ ಡಿಫ್ರಾಕ್ಷನ್ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದು) ಇಡೀ ಚಿತ್ರವನ್ನೇ ಮೆತ್ತಗೆ ಮಾಡುತ್ತದೆ.

ಗಾಳಿ ಇನ್ನೊಂದು ಕಾಟ. ಜರೀಗಿಡದ ತುದಿ ಒಂದು ಸೆಕೆಂಡಿನಲ್ಲಿ ನಾಲ್ಕು ಸಲ ತೂಗುತ್ತದೆ. ಮೊದಲು ಐಎಸ್‌ಒ 100ರಲ್ಲಿ ಅರ್ಧ ಸೆಕೆಂಡಿನ ಫ್ರೇಮ್. ಆಮೇಲೆ ಎಫ್/11 ಹಾಗೇ ಬಿಟ್ಟು, ಐಎಸ್‌ಒ 1600ಕ್ಕೆ ಏರಿಸಿ 1/30ರಲ್ಲಿ ಇನ್ನೊಂದು, ಸಾಲದಿದ್ದರೆ 3200, 1/60. ನೀರು ಮೊದಲನೆಯದರಿಂದ, ಎಲೆ ಎರಡನೆಯದರಿಂದ ತೆಗೆದು ಆಮೇಲೆ ಸೇರಿಸುತ್ತೇನೆ. ಅಪರ್ಚರ್ ಬದಲಿಸಿದರೆ ಮಸುಕಿನ ಅಳತೆ ಬದಲಾಗಿ ಎರಡೂ ಹೊಂದುವುದಿಲ್ಲ.

ಕ್ರೆಸೆಂಟ್ ಕೆರೆಯ ಆಳ ಸುಮಾರು 190 ಮೀಟರ್. ನೀರಿನಲ್ಲಿ ಸಾರಜನಕ ಕಡಿಮೆ, ಆದ್ದರಿಂದ ಪಾಚಿ ಹೆಚ್ಚು ಬೆಳೆಯದೆ ನೀರು ತಿಳಿ ನೀಲಿಯಾಗಿಯೇ ಇರುತ್ತದೆ. ತಳದ ಕಲ್ಲು ಬೇಕೋ, ಬೆಟ್ಟದ ಪ್ರತಿಬಿಂಬ ಬೇಕೋ ಎಂದು ಮೊದಲೇ ತೀರ್ಮಾನಿಸಬೇಕು. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಪೋಲರೈಸರ್ ಅತಿ ಹೆಚ್ಚು ಕೆಲಸ ಮಾಡುತ್ತದೆ. ಕ್ಯಾಮೆರಾ ನೀರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಎರಡು ಮೀಟರ್ ಮುಂದಿನ ಕಲ್ಲುಗಳು ಗಾಜಿನ ಕೆಳಗಿಟ್ಟಂತೆ ಕಾಣುತ್ತವೆ. ದೂರದ ನೀರಿನ ಮೇಲೆ ಅದರ ಪ್ರಭಾವ ಕಡಿಮೆ, ಬೆಟ್ಟದ ಪ್ರತಿಬಿಂಬ ಬಹುಪಾಲು ಉಳಿಯುತ್ತದೆ. ಹೀಗೆ ಎರಡೂ ಒಂದೇ ಫ್ರೇಮಿಗೆ ಬರುತ್ತವೆ. ಬರೀ ಪ್ರತಿಬಿಂಬ ಸಾಕು ಎಂದಾದರೆ ಫಿಲ್ಟರ್ ಕಳಚಿಡಿ. ಗಾಳಿ ಏಳುವ ಮೊದಲು, ಅಂದರೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆಯೇ ಅಲ್ಲಿರಬೇಕು. ಪ್ರತಿಬಿಂಬ ಯಾವಾಗಲೂ ಆಕಾಶಕ್ಕಿಂತ ಮಂಕು. ಕಂಪ್ಯೂಟರಿನಲ್ಲಿ ತಿದ್ದುವಾಗ ಅದನ್ನು ಆಕಾಶಕ್ಕಿಂತ ಬೆಳಗಿಸಿದರೆ ಸುಳ್ಳು ಎದ್ದು ಕಾಣುತ್ತದೆ.

ಹಸಿರಿನ ಬಗ್ಗೆಯೂ ಅಷ್ಟೇ. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್ ಹತ್ತಿರ ನಿಲ್ಲಿಸಿಡುತ್ತೇನೆ. ಆಟೋ ಬಿಟ್ಟರೆ ಪ್ರತಿ ಫ್ರೇಮಿಗೂ ಒಂದೊಂದು ಹಸಿರು. ಆಮೇಲೆ ಹಳದಿ, ಹಸಿರುಗಳ ಗಾಢತೆ (ಸ್ಯಾಚುರೇಷನ್) ತುಸು ಇಳಿಸುತ್ತೇನೆ. ಮಬ್ಬು ತೆಗೆಯುವ ಡಿಹೇಜ್ ಸ್ಲೈಡರ್ ಮುಟ್ಟುವುದಿಲ್ಲ, ಕಾದು ಹಿಡಿದ ಮಂಜನ್ನೇ ಅದು ಒರೆಸಿಹಾಕುತ್ತದೆ.

ಮಳೆಗೆ ಕ್ಯಾಮೆರಾದ ಮೇಲೊಂದು ಶವರ್ ಕ್ಯಾಪ್, ಲೆನ್ಸಿಗೆ ಹುಡ್, ಜೇಬಿನಲ್ಲಿ ನಾಲ್ಕು ಒಣ ಮೈಕ್ರೋಫೈಬರ್ ಬಟ್ಟೆ. ಐದು ಫ್ರೇಮಿಗೊಮ್ಮೆ ಚಿತ್ರ ದೊಡ್ಡದು ಮಾಡಿ ಹನಿ ಕೂತಿದೆಯೇ ನೋಡಿ. ಪೋಲರೈಸರಿನ ರಿಂಗ್ ಬಿಗಿದು ಬರದಿದ್ದರೆ ಸುತ್ತ ದಪ್ಪ ರಬ್ಬರ್ ಬ್ಯಾಂಡ್ ಹಾಕಿ ಹಗುರಾಗಿ ತಿರುಗಿಸಿ. ಬೆರಳಿನಿಂದ ಎರಡು ಕಡೆ ಅದುಮಿದಷ್ಟೂ ಅದು ಬಿಗಿಯುತ್ತದೆ. ಚಳಿಯಿಂದ ಬೆಚ್ಚಗಿನ ಕಾರಿಗೆ ಹತ್ತುವ ಮುಂಚೆಯೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಕ್ಯಾಮೆರಾ ಒರೆಸಿ ಚೀಲದ ಜಿಪ್ ಎಳೆಯಿರಿ. ತಣ್ಣಗಿರುವ ಗಾಜಿನ ಮೇಲೆ ಒಳಗಿನ ತೇವ ಹನಿಗಟ್ಟುತ್ತದೆ.

ದಾರಿ ಬಿಟ್ಟು ಪಾಚಿಯ ಮೇಲೆ ಕಾಲಿಡಬಾರದು. ಡ್ರೋನ್ ನಿಷಿದ್ಧ. ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಕಂಡರೆ ಕನಿಷ್ಠ 50 ಗಜ ದೂರ. ಕಡಲ ದಂಡೆಗೂ ಹೋಗಿದ್ದರೆ ಅಂದೇ ರಾತ್ರಿ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಿನಲ್ಲಿ ತೊಳೆದು, ಮಡಚದೆ ಒಣಗಲು ಬಿಡಿ. ಉಪ್ಪು, ಮರಳು ಒಳಗೇ ಉಳಿದರೆ ಮರುದಿನ ಲಾಕ್ ತಿರುಗಿಸುವಾಗ ಕರಕರ ಸದ್ದು ಕೇಳುತ್ತದೆ.